ಸವೆದು ಹೋದ ಮೊದಲ ಇಂಚು

ನಮ್ಮ ಮನೆಯ ಅಡಿಪಟ್ಟಿಗೆ ಮೊದಲ ಇಂಚು ಇರಲಿಲ್ಲ. ನನ್ನ ಯಜಮಾನರು ಮಂಡಿಪೇಟೆಯಲ್ಲಿ ಟೈಲರ್ ಆಗಿದ್ದಾಗಿನ ತೇಗದ ಪಟ್ಟಿ ಅದು. ಕತ್ತರಿ ತಾಗಿ, ಮೇಜಿನಿಂದ ಬಿದ್ದು ಬಿದ್ದು ತುದಿಯೆಲ್ಲ ಸವೆದು ಇಲಿ ಕಡಿದ ಹಾಗಾಗಿತ್ತು. ಅದಕ್ಕೇ ನಮ್ಮಲ್ಲಿ ಅಳತೆ ಶುರುವಾಗುತ್ತಿದ್ದದ್ದು ಒಂದರಿಂದ. ಏಳು ಇಂಚಿನ ಚೌಕ ಬೇಕೆಂದರೆ ಬಟ್ಟೆಯ ಅಂಚನ್ನು ಒಂದರ ಗೆರೆಗೆ ಇಟ್ಟು ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯಬೇಕು, ಎಂಟರ ಗೆರೆಗೆ ಚಾಕ್ ಎಳೆಯಬೇಕು. ಅವರು ಹೋದ ಮೇಲೆ ನಾನು ಅದೇ ಪಟ್ಟಿ ಹಿಡಿದು ಕೌದಿ ಹೊಲಿದು ಮಗನನ್ನು ಸಾಕಿದೆ. ಪಟ್ಟಿ ಬದಲಾಯಿಸು ಎಂದು ಎಷ್ಟೋ ಜನ ಹೇಳಿದರು. ಗಂಡ ಹಳಬನಾದ ಅಂತ ಬದಲಾಯಿಸ್ತಾರೇನ್ರೀ ಎಂದು ಕೇಳುತ್ತಿದ್ದೆ. ನನ್ನ ಬಾಯಿ ಅಂಥದ್ದು. ಪಿ.ಎಚ್. ಕಾಲೊನಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಹಜರಾ ಬೀ ಅಂದರೆ ಮೊದಲು ಅವಳ ಬಾಯಿ, ಆಮೇಲೆ ಅವಳ ಕೌದಿ ಅನ್ನುತ್ತಾರೆ.

ಮಗ ಇಮ್ರಾನ್‌ಗೆ ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಹೆಣ್ಣು ತಂದೆ. ಮೆಹನಾಜ್ ಅಂತ ಹೆಸರು. ಕನ್ನಡ ಶಾಲೆಯಲ್ಲಿ ಓದಿದವಳು, ಮಾತು ಕಮ್ಮಿ, ಕೈ ಚುರುಕು. ಬಂದ ಹೊಸತರಲ್ಲೇ ನನ್ನ ಪಟ್ಟಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು.

"ಅಮ್ಮಿ, ಈ ಪಟ್ಟೀನೇ ಸೊಟ್ಟಗೈತೆ," ಎಂದಳು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಮೊದ್ಲು ಸೂಜಿ ಹಿಡಿಯೋದ್ ಕಲಿ," ಎಂದೆ.

ಅವಳು ನಕ್ಕು ಸೂಜಿಗೆ ದಾರ ಪೋಣಿಸಿದಳು. ಆದರೆ ಪಟ್ಟಿ ಸೊಟ್ಟಗಿದ್ದದ್ದು ನಿಜ. ಅದು ಬಯಲಾದದ್ದು ಗುಬ್ಬಿಯ ಉಮಾಮಹೇಶ್ವರಿಯಿಂದ. ಆಕೆ ಮಗಳ ಬಾಣಂತನಕ್ಕೆ ತೊಟ್ಟಿಲ ಕೌದಿ ಮಾಡಿಸಿಕೊಂಡು ಹೋಗಿದ್ದವರು ಅದನ್ನು ಮತ್ತೆ ಎತ್ತಿಕೊಂಡು ಬಂದರು. ನಮ್ಮ ಜಗಲಿಯ ಮೇಲೆ ಹಾಸಿ ತೋರಿಸಿದರು.

"ಹಜರಮ್ಮಾ, ನಿಮ್ ಹೊಲಿಗೆಗೆ ಹೆಸರಿಡಂಗಿಲ್ಲ. ಆದ್ರೆ ಈ ಚೌಕಗಳು ನೋಡಿ, ಒಂದಕ್ಕೊಂದು ಮುನಿಸ್ಕೊಂಡ್ ಕೂತಂಗವೆ. ಒಂದ್ ಮೂಲೇನೂ ಕೂಡಿಲ್ಲ," ಎಂದರು.

ನನಗೆ ಉರಿದುಹೋಯಿತು. ಮಗು ಮೂಲೆ ನೋಡ್ಕೊಂಡ್ ಮಲಗುತ್ತಾ ಎಂದುಬಿಟ್ಟೆ. ಪುಣ್ಯಾತ್ಗಿತ್ತಿ, ನಗುತ್ತಲೇ ಕೌದಿ ಮಡಚಿಕೊಂಡು ಹೋದರು. ಒಳಗಿನಿಂದ ಇದೆಲ್ಲ ಕೇಳಿಸಿಕೊಂಡಿದ್ದ ಇಮ್ರಾನ್ ಅವತ್ತೇ ಮೊಬೈಲಿನಲ್ಲಿ ಹುಡುಕಿ ಹೊಸ ಪಟ್ಟಿಯೊಂದನ್ನು ತರಿಸಿದ. ಗಾಜಿನ ಹಾಗೆ ಆಚೆಯದು ಕಾಣುವ ದಪ್ಪ ಪ್ಲಾಸ್ಟಿಕ್ಕು, ನನ್ನ ಅಂಗೈಗಿಂತ ಅಗಲ. ಉದ್ದಕ್ಕೂ ಅಡ್ಡಕ್ಕೂ ಗೆರೆ. ಕಪ್ಪು ಬಟ್ಟೆಯ ಮೇಲೆ ಹಳದಿ ಗೆರೆ ಕಾಣುತ್ತದೆ, ಬಿಳಿ ಬಟ್ಟೆಯ ಮೇಲೆ ಕಪ್ಪು ಗೆರೆ ಕಾಣುತ್ತದೆ. ಜೊತೆಗೆ ಹಿಡಿಕೆಯಿರುವ ಒಂದು ಚಕ್ರದ ಬ್ಲೇಡು.

"ನಿಂಗಲ್ಲ ಬಿಡಮ್ಮ, ಮೆಹನಾಜ್‌ಗೆ," ಎಂದ. ತಮಾಷೆಗೆ ಅಂದದ್ದು. ನನಗೆ ಮಾತ್ರ ಅದು ಚುಚ್ಚಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಅವಳಾದರೂ ಅದನ್ನು ತಂದ ದಿನವೇ ಬಳಸಲಿಲ್ಲ. ಮೊದಲು ಹಳೇ ಬಟ್ಟೆಯ ಮೇಲೆ ಕೈ ಪಳಗಿಸಿಕೊಂಡಳು. ಪ್ಲಾಸ್ಟಿಕ್ಕು ಜಾರುತ್ತದೆಂದು ಕೆಳಗಡೆ ನಾಲ್ಕು ಮೂಲೆಗೂ ಮರಳುಕಾಗದದ ಚೂರು ಅಂಟಿಸಿದಳು. ಬೆರಳು ಅಗಲಿಸಿ ಪಟ್ಟಿಯ ನಡುವೆ ಊರುತ್ತಿದ್ದಳು, ಅಂಚಿನ ಹತ್ತಿರ ಬೆರಳು ಬಾರದ ಹಾಗೆ. ಏಳರ ಗೆರೆಯನ್ನು ಬಟ್ಟೆಯ ಅಂಚಿನ ಮೇಲೆ ಸರಿಯಾಗಿ ಕೂರಿಸಿ, ಚಕ್ರವನ್ನು ಪಟ್ಟಿಗೆ ಒತ್ತಿಕೊಂಡು ಮುಂದಕ್ಕೆ ಒಂದೇ ಸಲ ಉರುಳಿಸಿದರೆ ಚಾಕ್ ಇಲ್ಲ, ಕತ್ತರಿ ಇಲ್ಲ, ಚೌಕ ಕೈಗೆ ಬರುತ್ತಿತ್ತು. ನಾನು ಅಕ್ಕಿ ಆರಿಸುವ ನೆಪದಲ್ಲಿ ನೋಡುತ್ತಾ ಕೂರುತ್ತಿದ್ದೆ. ಅವಳಿಗೆ ಗೊತ್ತಾಗಿಬಿಟ್ಟಿತು.

"ಇದ್ರಲ್ಲಿ ಏಳು ಅಂದ್ರೆ ಏಳೇ ಅಮ್ಮಿ. ಎಂಟಕ್ಕೆ ಹೋಗಂಗಿಲ್ಲ. ಸೀದಾ ಏಳರ ಗೆರೆ, ಅಷ್ಟೇ," ಎಂದಳು.

"ನಂಗ್ಯಾಕೆ ಅದರ ಉಸಾಬರಿ," ಎಂದೆ. ಆದರೆ ಮಾತು ಕಿವಿಯಲ್ಲಿ ಉಳಿಯಿತು.

ಆಮೇಲೆ ಆಗಬಾರದ್ದು ಆಯಿತು. ಹಿರೇಹಳ್ಳಿಯ ಫ್ಯಾಕ್ಟರಿಗೆ ಬೆಳಗಿನ ಶಿಫ್ಟಿಗೆಂದು ಹೊರಟ ಮಗ ಹೈವೇ ದಾಟುವಾಗ ಲಾರಿಗೆ ಸಿಕ್ಕಿದ. ಆಸ್ಪತ್ರೆಯವರು ಕುಯ್ದು ಹೊಲಿದು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಇದರ ಬಗ್ಗೆ ಇನ್ನು ಹೆಚ್ಚು ಹೇಳಲಾರೆ. ಹೇಳಿದರೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ.

ನಮ್ಮಲ್ಲಿ ಗಂಡ ಹೋದ ಹೆಣ್ಣು ಇದ್ದತ್ ಕೂರಬೇಕು. ನಾಲ್ಕು ತಿಂಗಳು ಚಿಲ್ಲರೆ ದಿನ ಗಂಡನ ಮನೆಯಲ್ಲೇ, ಹೊಸಲು ದಾಟದೆ. ಅದು ಮುಗಿದ ಮೇಲೆ ತವರಿನವರು ಕರೆದುಕೊಂಡು ಹೋದರೆ ಬೇಡ ಅನ್ನುವ ಹಕ್ಕು ಅತ್ತೆಗಿಲ್ಲ. ಮಕ್ಕಳೂ ಆಗಿರಲಿಲ್ಲ. ಅವಳ ಅಪ್ಪ ಮನ್ಸೂರ್ ಅಲಿ, ಕೊತ್ತಗೆರೆಯಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುವವರು, ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಗೆ ಬಂದಾಗಲೇ ಇದನ್ನೆಲ್ಲ ಮೆತ್ತಗೆ ಹೇಳಿದರು. ಹಾಗೆಯೇ ಕಪಾಟಿನತ್ತ ಕೈ ತೋರಿಸಿದರು.

"ಅವನ ಬಟ್ಟೆ ಬರೆ ಬಡವರಿಗೆ ಕೊಟ್ಬಿಡಿ ಆಪಾ. ಸತ್ತೋರ ಬಟ್ಟೆ ಮನೇಲಿ ಇಟ್ಕೋಬಾರ್ದು."

ಪ್ಯಾಂಟು, ಚಪ್ಪಲಿ, ಸ್ವೆಟರು ಎಲ್ಲ ಕೊಟ್ಟೆ. ಶರ್ಟು ಕೊಡಲು ಕೈ ಬರಲಿಲ್ಲ. ಶರ್ಟಿನಲ್ಲಿ ಅವನ ಮೈಯ ವಾಸನೆ ಇತ್ತು. ಮೆಹನಾಜ್ ನನ್ನ ಪಕ್ಕ ಬಂದು ಕೂತಳು.

"ಕೌದಿ ಮಾಡೋಣ ಅಮ್ಮಿ," ಎಂದಳು. ಅಪ್ಪನಿಗೂ ಅದನ್ನೇ ಹೇಳಿದಳು: "ಕೌದಿ ಮುಗಿಸ್ಕೊಂಡ್ ಬರ್ತೀನಿ ಅಬ್ಬಾ."

ಆ ಮಾತು ಕೇಳಿದ ಗಳಿಗೆಯಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಕೌದಿ ಮುಗಿಯುವವರೆಗೆ ಹುಡುಗಿ ಇರುತ್ತಾಳೆ. ಮುಗಿದರೆ ಹೋಗುತ್ತಾಳೆ. ಹಾಗಾದರೆ ಕೌದಿ ದೊಡ್ಡದಾಗಲಿ, ಡಬಲ್ ಮಂಚಕ್ಕೆ ಆಗುವಷ್ಟು. ಅವಳಿಲ್ಲದ ಮನೆಯನ್ನು ನೆನೆದರೆ ನನಗೆ ಭಯವಾಗುತ್ತಿತ್ತು. ಬೆಳಿಗ್ಗೆ ಎದ್ದು ಯಾರನ್ನು ಬಯ್ಯಲಿ?

ಶರ್ಟುಗಳನ್ನು ಎರಡು ಪಾಲು ಮಾಡಿದೆವು. ಅರ್ಧ ಅವಳು ಕತ್ತರಿಸುವುದು, ಅರ್ಧ ನಾನು. ಅವಳು ತನ್ನ ಪಾಲನ್ನು ಅವನು ಕೊಡಿಸಿದ ಪಟ್ಟಿಯಲ್ಲೇ ಏಳು ಇಂಚಿಗೆ ಕತ್ತರಿಸಿ ಕವರಿಗೆ ಹಾಕಿಟ್ಟಳು. ಕಾಲರ್ ಬಿಚ್ಚುವಾಗ ಅಳುತ್ತಿದ್ದಳು, ಪಟ್ಟಿ ಇಡುವಾಗ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಣ್ಣು ಮಂಜಾದರೆ ಗೆರೆ ತಪ್ಪುತ್ತದಲ್ಲ. ನನಗೋ ಕತ್ತರಿ ಎತ್ತಲಾಗಲಿಲ್ಲ. ಇವತ್ತು ಸೊಂಟ ನೋವು, ನಾಳೆ ಶುಕ್ರವಾರ ಎಂದು ದಿನ ತಳ್ಳಿದೆ. ಒಂದು ಕಣ್ಣಿಗೆ ಪೊರೆಯೂ ಬಂದಿತ್ತು. ಆಪರೇಷನ್ ಮಾಡಿಸುತ್ತೇನೆ ಅಂದಿದ್ದವನೇ ಹೋದ.

ಇದ್ದತ್ ಮುಗಿಯುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಮಾತ್ರೆ ತಿಂದು ಮಲಗಿದ್ದಳು. ಮಧ್ಯಾಹ್ನ ಮನೆ ಎಷ್ಟು ಸುಮ್ಮನಿತ್ತೆಂದರೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸರಿ, ಇವತ್ತು ಕತ್ತರಿಸಿಬಿಡೋಣ ಅಂದುಕೊಂಡೆ. ನನ್ನ ಮರದ ಪಟ್ಟಿ ತೆಗೆದೆ. ಅಂಚಿನ ಮೇಲೆ ಬೆರಳಾಡಿಸಿದರೆ ಉದ್ದಕ್ಕೂ ಹಳ್ಳದಿಣ್ಣೆ. ನನ್ನ ಮಗನ ಶರ್ಟಿಗೆ ಸೊಟ್ಟ ಗೆರೆಯೇ? ಗುಬ್ಬಿಯವರ ಮಾತು ನೆನಪಾಯಿತು. ಮರದ ಪಟ್ಟಿ ಪಕ್ಕಕ್ಕಿಟ್ಟು ಅವನ ಪಟ್ಟಿಯನ್ನೇ ಎತ್ತಿಕೊಂಡೆ. ಹುಡುಗಿ ಎದ್ದು ನೋಡಿದರೆ ಖುಷಿಪಡುತ್ತಾಳೆ ಎಂಬ ಆಸೆಯೂ ಇತ್ತು. ಚಕ್ರದ ಬ್ಲೇಡು ಮುಟ್ಟಲು ಹೆದರಿಕೆ. ಚಾಕ್ ಎಳೆದು ಕತ್ತರಿಯಲ್ಲೇ ಕತ್ತರಿಸಿದೆ. ಏಳು ಅಂದ್ರೆ ಏಳೇ, ಎಂಟಕ್ಕೆ ಹೋಗಂಗಿಲ್ಲ ಎಂದು ಅವಳು ಹೇಳಿದ್ದನ್ನು ಬಾಯಲ್ಲಿ ಅಂದುಕೊಂಡೇ ಮಾಡಿದೆ. ನಿಕಾದ ಮಾರನೇ ದಿನ ಹಾಕಿದ್ದ ಕೆನೆ ಬಣ್ಣದ ಶರ್ಟು, ಚೆಕ್ಸ್ ಶರ್ಟು, ಫ್ಯಾಕ್ಟರಿಯ ನೀಲಿ ಶರ್ಟು, ಎಲ್ಲ ಆಯಿತು. ಗೆರೆ ಎಷ್ಟು ನೆಟ್ಟಗೆ ಬಂತೆಂದರೆ, ಅವನು ಹೋದ ಮೇಲೆ ಅವತ್ತೊಂದು ದಿನ ನನಗೆ ಹೊಟ್ಟೆ ತುಂಬ ಅನ್ನ ಸೇರಿತು.

ಜ್ವರ ಬಿಟ್ಟ ಮೇಲೆ ಇಬ್ಬರೂ ನಡುಮನೆಯಲ್ಲಿ ಚೂರುಗಳನ್ನು ಹಾಸಲು ಕೂತೆವು. ಮೆಹನಾಜ್ ತನ್ನದೊಂದು ಇಟ್ಟಳು, ನನ್ನದೊಂದು ಪಕ್ಕಕ್ಕೆ ಇಟ್ಟಳು. ನನ್ನದನ್ನು ಎತ್ತಿ ತನ್ನದರ ಮೇಲಿಟ್ಟಳು. ಎರಡು ಕಡೆ ಅವಳ ಬಟ್ಟೆ ಅಂಗುಲದಷ್ಟು ಹೊರಗೆ ಕಾಣುತ್ತಿತ್ತು. ಇನ್ನೊಂದು ಇಟ್ಟಳು, ಅದೂ ಹಾಗೆಯೇ.

"ಅಮ್ಮಿ, ಒಂದರಿಂದ ಹಿಡಿದ್ರಾ?" ಎಂದು ಕೇಳಿದಳು.

ನಾನು ನನ್ನ ಹೆಬ್ಬೆರಳು ನೋಡಿಕೊಂಡೆ. ಅವಳು ಹೇಳಿದ ಏಳು ನನಗೆ ನೆನಪಿತ್ತು. ಆದರೆ ಬೆರಳು ಇಷ್ಟು ವರ್ಷ ಹೋಗಿ ಕೂರುತ್ತಿದ್ದ ಜಾಗಕ್ಕೇ ಹೋಗಿ ಕೂತಿತ್ತು. ಒಂದರಿಂದ ಹಿಡಿದು ಏಳಕ್ಕೆ ನಿಲ್ಲಿಸಿದ್ದೆ. ಎಲ್ಲವೂ ಆರು ಇಂಚು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಹೊಸ ಪಟ್ಟಿಗೆ ಮೊದಲ ಇಂಚು ಇದೆಯೆಂಬುದೇ ನನ್ನ ಕೈಗೆ ಗೊತ್ತಾಗಲಿಲ್ಲ.

"ಹಾಳಾದ ಮುದುಕಿ ನಾನು. ಕೈ ಮುರಿದುಹೋಗ್ಲಿ ನಂದು," ಎಂದೆ.

"ಬಿಡಿ ಅಮ್ಮಿ, ಏನಾಗಲ್ಲ. ನಂದೇ ಚಿಕ್ಕದು ಮಾಡಿದ್ರಾಯ್ತು," ಎಂದು ಅವಳು ಪಟ್ಟಿ ಎಳೆದುಕೊಂಡಳು. ಕೈಗೆ ಸಿಕ್ಕಿದ್ದು ಅವಳ ಪಾಲಿನ ಇನ್ನೊಂದು ನೀಲಿ ಶರ್ಟಿನ ಜೇಬಿರುವ ಚೂರು. ಅವನ ಪೆನ್ನು ಸೋರಿ ಜೇಬಿನ ಮೂಲೆಯಲ್ಲಿ ಶಾಯಿಯ ಕಲೆ ಇತ್ತು, ನಾನು ಎಷ್ಟು ಉಜ್ಜಿದರೂ ಹೋಗದ ಕಲೆ. ಆರರ ಗೆರೆ ಆ ಕಲೆಯ ಮೇಲೇ ಬಂತು. ಚಕ್ರ ಉರುಳಿತು. ಅರ್ಧ ಕಲೆ ಇದ್ದ ಸಣ್ಣ ಸೀಳು ನೆಲದ ಮೇಲೆ ಬಿತ್ತು.

ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. "ಬೇಡ ಕಣೇ. ಆಸ್ಪತ್ರೇಲಿ ಒಂದ್ಸಲ ಕುಯ್ದವ್ರೆ. ನಾವೂ ಒಂದ್ಸಲ ಕುಯ್ದಿದೀವಿ. ಸಾಕು."

ಆಗ ಅವಳೂ ಅತ್ತಳು, ನಾನೂ ಅತ್ತೆ. ಅತ್ತು ಮುಗಿಸಿ, ಮೂಗೊರೆಸಿಕೊಂಡು, ಅವಳೇ ದಾರಿ ಹೇಳಿದಳು. "ನಿಮ್ ಚೂರಿಗೆಲ್ಲ ಸುತ್ತ ಬೇರೆ ಬಟ್ಟೆ ಅಂಚು ಕೊಟ್ಟು ಏಳು ಮಾಡ್ಬೋದು. ನನ್ನ ನಿಕಾದ ದುಪಟ್ಟಾ ಐತಲ್ಲ, ಕೆಂಪುದು. ಒಂದೊಂದಕ್ಕೂ ನಾಲ್ಕ್ ಕಡೆ ಹೊಲೀಬೇಕು. ರಂಜಾನ್ ತನಕ ಆಗ್ಬೋದು."

ರಂಜಾನ್ ಇನ್ನೂ ಎಷ್ಟೋ ದೂರ ಇತ್ತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನನಗೆ ಒಳಗೊಳಗೇ ಖುಷಿಯಾಯಿತು.

ಇದ್ದತ್ ಮುಗಿದಿತ್ತು, ಮಾರನೇ ದಿನವೇ ಮನ್ಸೂರ್ ಅಲಿ ಬಂದರು. ಕುಣಿಗಲ್‌ನಲ್ಲಿ ಒಬ್ಬ ಗಂಡು ನೋಡಿದ್ದಾರಂತೆ, ಹೆಂಡತಿ ತೀರಿಕೊಂಡವನು, ಒಳ್ಳೆಯ ಮನೆತನ. ಕೂತ ಮೇಲೆ ನೆಲದ ಮೇಲಿನ ಎರಡು ರಾಶಿ ನೋಡಿದರು. ವ್ಯಾಪಾರಸ್ಥರಲ್ಲವೇ, ತೂಕ ಅಳತೆಯಲ್ಲಿ ಅವರ ಕಣ್ಣು ತಪ್ಪುವುದಿಲ್ಲ. ಬಗ್ಗಿ ಎರಡು ಚೂರು ಎತ್ತಿ ಜೋಡಿಸಿ ಹಿಡಿದರು.

"ಏನ್ ಆಪಾ ಇದು? ಕೌದಿ ಹೊಲಿಯೋದ್ರಲ್ಲೇ ಜೀವ ಸವೆಸಿದೋರು ನೀವು. ನಿಮ್ ಕೈಯಲ್ಲಿ ಒಂದಿಂಚು ಕಮ್ಮಿ ಆಗುತ್ತಾ? ಹುಡುಗೀನ ಕಳಿಸಕ್ಕೆ ಇಷ್ಟ ಇಲ್ಲ ಅಂತ ಬಾಯ್ಬಿಟ್ ಹೇಳ್ಬೋದಿತ್ತು," ಎಂದರು.

ನನ್ನ ಬಾಯಿ ಕಟ್ಟಿಹೋಯಿತು. ನನ್ನ ಬಾಯಿ.

"ಅವ್ರಲ್ಲ ಅಬ್ಬಾ. ನಾನೇ ಕತ್ತರಿಸಿದ್ದು. ಜ್ವರದಲ್ಲಿ ಲೆಕ್ಕ ತಪ್ತು," ಎಂದಳು ಮೆಹನಾಜ್.

ಅವರು ಮಗಳ ಕಡೆ ತಿರುಗಿದರು. ಗ್ಯಾನ ಎಲ್ಲಿಟ್ಟಿದ್ಯಾ, ಹೊತ್ತು ಕಳೆಯೋಕೆ ಇದೊಂದು ನೆವ, ನಿನ್ನ ವಯಸ್ಸೇನು, ಇನ್ನೆಷ್ಟು ದಿನ ಹೀಗೆ ಎಂದು ಬಯ್ದರು. ಅವಳು ಪಟ್ಟಿಯನ್ನು ಎದೆಗೆ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದಳು. ನಾನು ಅವಳನ್ನೇ ನೋಡಿದೆ. ಈ ಒಂದು ಸುಳ್ಳಿನಿಂದ ರಂಜಾನ್ ತನಕ ನಡೆಯುತ್ತದೆ. ಆಮೇಲೆ ಇನ್ನೊಂದು ಸುಳ್ಳು ಬೇಕಾಗುತ್ತದೆ. ಅದನ್ನೂ ಅವಳೇ ಹೇಳುತ್ತಾಳೆ, ನನಗೋಸ್ಕರ. ನಾನು ಗಂಡ ಸತ್ತ ಮೇಲೆ ಮದುವೆ ಬೇಡ ಅಂದೆ, ಸವೆದ ಪಟ್ಟಿ ಹಿಡಿದು ಬದುಕಿದೆ, ನಿಜ. ಆದರೆ ನನ್ನ ಮಡಿಲಲ್ಲಿ ಇಮ್ರಾನ್ ಇದ್ದ. ಇವಳ ಮಡಿಲಲ್ಲಿ ಏನಿದೆ? ಒಂದು ಕಣ್ಣು ಕಾಣದ ಅತ್ತೆ.

"ಅವಳು ಸುಳ್ಳು ಹೇಳ್ತವ್ಳೆ ಮನ್ಸೂರ್ ಭಾಯ್," ಎಂದೆ. "ಕತ್ತರಿಸಿದ್ದು ನಾನು. ಬೇಕಂತ ಮಾಡಿದ್ದಲ್ಲ. ಆ ಬುದ್ಧಿ ಹೊಳೆದಿದ್ರೆ ಬೇಕಂತಲೇ ಮಾಡ್ತಿದ್ದೆ, ಅದೂ ನಿಜವೇ. ಈಗ ಕೇಳಿ. ಇದು ಒಂದು ಕೌದಿ ಆಗಲ್ಲ. ಎರಡಾಗುತ್ತೆ. ಏಳರದ್ದು ಅವಳಿಗೆ, ಆರರದ್ದು ನಂಗೆ. ಅವಳದನ್ನ ಅವಳು ಅಲ್ಲೇ ಹೊಲ್ಕೊಳ್ಲಿ. ಇವತ್ತೇ ಕರ್ಕೊಂಡ್ ಹೋಗಿ."

ಮೆಹನಾಜ್ ನನ್ನನ್ನು ನೋಡಿದ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ. ಕೆನ್ನೆಗೆ ಹೊಡೆದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

"ಅಂಚು ಕೊಡ್ತೀನಿ ಅಂದ್ನಲ್ಲ ಅಮ್ಮಿ," ಎಂದಳು.

"ನಿನ್ ದುಪಟ್ಟಾ ನೀನೇ ಇಟ್ಕೋ. ನಂಗ್ಯಾಕೆ," ಎಂದೆ.

ಅವಳು ತನ್ನ ಚೂರುಗಳ ಕವರು, ನೆಲದ ಮೇಲಿನ ಆ ಸೀಳು, ಪಟ್ಟಿ, ಚಕ್ರ, ಎಲ್ಲ ಬ್ಯಾಗಿಗೆ ಹಾಕಿಕೊಂಡಳು. ಬಾಗಿಲ ಹತ್ತಿರ ನನ್ನ ಕೈಗೆ ಮುತ್ತಿಟ್ಟು ನಿಂತೇ ಇದ್ದಳು. ಬಸ್ ತಪ್ಪುತ್ತೆ, ನಡಿ ಎಂದು ಗದರಿಸಿದೆ. ಅವರು ಬೀದಿ ತಿರುಗಿದ ಮೇಲೆ ಒಳಗೆ ಬಂದು ಕದ ಹಾಕಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಮೊದಮೊದಲು ದಿನಾ ಫೋನು ಬರುತ್ತಿತ್ತು. ಎಷ್ಟು ಸಾಲು ಆಯ್ತು ಅಮ್ಮಿ, ಕಣ್ಣು ಹೆಂಗೈತೆ ಎಂದು ಕೇಳುತ್ತಿದ್ದಳು. ಆಮೇಲೆ ಶುಕ್ರವಾರಕ್ಕೊಂದು. ಅವಳ ಕೌದಿ ಮುಗಿಯಿತು ಎಂದಳು. ನಿಕಾ ಗೊತ್ತಾಯಿತು ಎಂದು ಅವಳ ತಾಯಿ ಹೇಳಿದರು. ಬರಬೇಡಿ ಎಂದು ಯಾರೂ ಅನ್ನಲಿಲ್ಲ. ಬನ್ನಿ ಎಂದು ಎರಡನೇ ಸಲ ಯಾರೂ ಅನ್ನಲಿಲ್ಲ. ನಾನು ಹೋಗಲಿಲ್ಲ. ನನ್ನ ಆರರ ಕೌದಿಯನ್ನು ನಿಕಾದ ದಿನವೇ ಹೊಲಿದು ಮುಗಿಸಿದೆ. ಹೊದ್ದುಕೊಂಡರೆ ಎದೆ ಮುಚ್ಚಿದಾಗ ಪಾದ ಹೊರಗಿರುತ್ತಿತ್ತು.

ಚಳಿ ಶುರುವಾದಾಗ ಮನ್ಸೂರ್ ಅಲಿ ಒಬ್ಬರೇ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲ. ಟೀ ಕೊಟ್ಟೆ. ಲೋಟ ಹಿಡಿದುಕೊಂಡು ಚೀಲವನ್ನು ನನ್ನತ್ತ ಸರಿಸಿದರು.

"ಅವಳ ಕೌದೀನ ಆ ಮನೇಲಿ ಒಪ್ಪಲಿಲ್ಲ ಆಪಾ," ಎಂದರು. "ಮೊದಲನೇ ಗಂಡನ ಬಟ್ಟೆ ಅಂತ ಹೆಂಗೋ ಗೊತ್ತಾಗೋಯ್ತು. ಅಳಿಯ ಕೆಟ್ಟೋನಲ್ಲ. ಅವನ ತಾಯಿ ಮಾತ್ರ ಹೊಸ ಸಂಸಾರದಲ್ಲಿ ಸತ್ತೋನ ಶರ್ಟು ಯಾಕೆ ಅಂದ್ರು. ಅವರದ್ದೂ ತಪ್ಪು ಅನ್ನಂಗಿಲ್ಲ. ಯಾರಿಗಾದ್ರೂ ಕೊಟ್ಬಿಡು ಅಂದ್ರಂತೆ. ಅಮ್ಮಿಗೇ ಕೊಡಿ ಅಂತ ಇವಳು ನನ್ ಕೈಲಿ ಕಳಿಸವ್ಳೆ."

ಚೀಲ ಬಿಚ್ಚಿ ಮಂಚದ ಮೇಲೆ ಹಾಸಿದೆ. ಒಗೆದು ಮಡಚಿದ್ದಳು, ಅವನ ವಾಸನೆ ಇನ್ನಿರಲಿಲ್ಲ. ಮೂಲೆ ಮೂಲೆಯೂ ಕೂಡಿತ್ತು. ಗುಬ್ಬಿಯ ಉಮಾಮಹೇಶ್ವರಿ ನೋಡಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನಡುವೆ ನೀಲಿ ಜೇಬಿನ ಚೂರು. ಅವತ್ತು ಕತ್ತರಿಸಿ ಬಿದ್ದಿದ್ದ ಸೀಳನ್ನು ತಿರುಗಿ ಜೋಡಿಸಿದ್ದಳು. ಹೊಲಿಗೆಗೆ ಹೋದ ಬಟ್ಟೆಯಷ್ಟು ಅಳತೆ ಕಮ್ಮಿ ಬೀಳಬಾರದೆಂದು ಎರಡರ ನಡುವೆ ಕೆಂಪು ದುಪಟ್ಟಾದ ಸಣ್ಣ ಪಟ್ಟಿ ಕೊಟ್ಟಿದ್ದಳು. ಶಾಯಿಯ ಕಲೆ ಅದರ ಆಚೆಗೆ ಅರ್ಧ, ಈಚೆಗೆ ಅರ್ಧ ಇತ್ತು.

ಕೌದಿಯ ಮಡಿಕೆಗಳಲ್ಲೆಲ್ಲ ಕೈ ಹಾಕಿ ನೋಡಿದೆ. ಚೀಲವನ್ನು ಬುಡಮೇಲು ಮಾಡಿ ಕೊಡವಿದೆ. ಇನ್ನೇನೂ ಇರಲಿಲ್ಲ.

"ಏನ್ ಹುಡುಕ್ತಿದೀರಾ ಆಪಾ?"

"ಪಟ್ಟಿ. ಪ್ಲಾಸ್ಟಿಕ್ ಪಟ್ಟಿ ಇತ್ತಲ್ಲ."

"ಓ, ಅದಾ? ಅದನ್ನ ಅವಳೇ ಇಟ್ಕೊಂಡವ್ಳೆ. ಅಲ್ಲೂ ಕೌದಿ ಶುರು ಮಾಡವ್ಳಲ್ಲ. ಬೇರೆ ಹೊಸದು ಕೊಡಿಸ್ತೀನಿ ಅಂದ್ನಂತೆ ಅಳಿಯ. ಬೇಡ, ಇದೇ ಕೈಗೆ ಕೂತೈತೆ ಅಂದ್ಲಂತೆ." ಅವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. "ಯಾಕೆ, ಅದೂ ಇಮ್ರಾನ್‌ದಾ?"

ಕುಣಿಗಲ್‌ನ ಆ ಮನೆ ನನ್ನ ಕಣ್ಣಿಗೆ ಬಂತು. ನಾನು ನೋಡದ ಮನೆ. ಅದರ ನಡುಮನೆಯಲ್ಲಿ ಅವಳು ಬೆರಳು ಅಗಲಿಸಿ ಪಟ್ಟಿಯ ಮೇಲೆ ಕೈ ಊರಿ ಕೂತಿರುತ್ತಾಳೆ. ಅದು ಯಾರು ಕೊಡಿಸಿದ್ದು ಎಂದು ಯಾರೂ ಕೇಳುವುದಿಲ್ಲ.

"ಇಲ್ಲ ಬುಡಿ," ಎಂದೆ. "ಗುಬ್ಬಿಯೋರು ಯಾರೋ ಕೊಟ್ಟಿದ್ದು. ಅವಳೇ ಇಟ್ಕೊಳ್ಲಿ."

ಮನ್ಸೂರ್ ಅಲಿ ತಲೆಯಾಡಿಸಿ ಉಳಿದ ಟೀ ಕುಡಿದರು. ನಾನು ಕೌದಿ ಮಡಚಿ, ನನ್ನ ಚಿಕ್ಕದರ ಮೇಲೆ ಇಟ್ಟು, ಅವರನ್ನು ಬಾಗಿಲ ತನಕ ಕಳಿಸಿ ಬಂದೆ.